ಗುಲಾಬಿಗೆ ಮೊದಲಿನ ಉಮಾಶ್ರೀ: ಒಂದು ವಿಮರ್ಶಾರೂಢಿಯ ಮರುಪರಿಶೀಲನೆ

ಉಮಾಶ್ರೀಯವರ ವೃತ್ತಿಜೀವನದ ಸ್ಥೂಲರೇಖೆಯ ಬಗ್ಗೆ ತಕರಾರಿಲ್ಲ. ಅವರು ರಂಗಭೂಮಿಯಿಂದ ಬಂದವರು. ಕಾಶೀನಾಥರ ‘ಅನುಭವ’ (1984) ಅವರನ್ನು ಮನೆಮಾತಾಗಿಸಿತು. ಎನ್.ಎಸ್. ರಾವ್ ಮುಂತಾದವರ ಜೋಡಿಯಾಗಿ ಹಾಸ್ಯಪಾತ್ರಗಳು ಸಾಲುಗಟ್ಟಿದವು. ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ಗಾಗಿ 2008ರ ಸಾಲಿನ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂತು. 2021ರಲ್ಲಿ ಜೀ ಕನ್ನಡದ ‘ಪುಟ್ಟಕ್ಕನ ಮಕ್ಕಳು’ ಆರಂಭವಾಯಿತು.

ಈ ಘಟ್ಟಗಳನ್ನು ಹೇಗೆ ಪೋಣಿಸಬೇಕು ಎಂಬಲ್ಲಿ ನನ್ನ ಭಿನ್ನಾಭಿಪ್ರಾಯವಿದೆ. ದ್ವಂದ್ವಾರ್ಥದ ಹಾಸ್ಯದಲ್ಲಿ ಪೋಲಾಗುತ್ತಿದ್ದ ಪ್ರತಿಭೆಯನ್ನು ಕಾಸರವಳ್ಳಿ ಪಾರುಮಾಡಿದರು, ಗುಲಾಬಿ ಆಕೆಯ ಮರುಹುಟ್ಟು ಎನ್ನುವುದು ನಮ್ಮ ವಿಮರ್ಶೆಯ ರೂಢಿಯ ಮಾತು. ನಿರ್ದೇಶಕನಿಗೆ ಸಲ್ಲಬೇಕಾದ ಗೌರವ ಇದರಲ್ಲಿದೆ, ನಿಜ. ನಟಿಗೆ ಸಲ್ಲಬೇಕಾದದ್ದು ಮಾತ್ರ ಇದರಲ್ಲಿ ತಪ್ಪಿಹೋಗಿದೆ.

ರಂಗದ ಸಾಕ್ಷ್ಯವನ್ನೇ ಮೊದಲು ನೋಡೋಣ. ದೇವನೂರ ಮಹಾದೇವರ ‘ಒಡಲಾಳ’ವನ್ನು ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕೆ ತಂದಾಗ ಸಾಕವ್ವನಾದವರು ಉಮಾಶ್ರೀ. ಗುಲಾಬಿಗಿಂತ ಎಷ್ಟೋ ಮೊದಲಿನ ಮಾತಿದು. ಕಳೆದುಹೋದ ಹುಂಜಕ್ಕಾಗಿ ಊರೆಲ್ಲ ಹುಡುಕುವ ಸಾಕವ್ವನ ಬೈಗುಳಕ್ಕೆ ನಗು ಬರುತ್ತದೆ, ಆ ಬೈಗುಳದ ತಳದಲ್ಲಿ ಹಸಿವಿದೆ. ಎರಡನ್ನೂ ಬೇರ್ಪಡಿಸಿ ಅಭಿನಯಿಸಲು ಬಾರದ ಪಾತ್ರವದು. ಹೀಗಿರುವಾಗ ಗಂಭೀರ ಅಭಿನಯ 2008ರಲ್ಲಿ ಹುಟ್ಟಿತೆಂಬ ಮಾತು ನಿಲ್ಲುವುದಿಲ್ಲ.

ಇನ್ನು ಗುಲಾಬಿ. ಚಿತ್ರ ವೈದೇಹಿಯವರ ಕಥೆಯಿಂದ ಹೊರಟರೂ ಅದರ ನಡುಮನೆಯಲ್ಲಿರುವುದು ಟಿ.ವಿ. ಕಾರ್ಗಿಲ್ ಯುದ್ಧದ ಹೊತ್ತಿನ ಕರಾವಳಿಯ ಮೀನುಗಾರರ ಊರಿನಲ್ಲಿ, ಗಂಡ ಬಿಟ್ಟುಹೋದ ಮುಸ್ಲಿಂ ಸೂಲಗಿತ್ತಿಯ ಮನೆಗೆ ಡಿಶ್ ಸಮೇತ ಟಿ.ವಿ. ಬರುತ್ತದೆ, ಅಕ್ಕಪಕ್ಕದ ಹೆಂಗಸರು ಸೇರುತ್ತಾರೆ. ತೆರೆಯ ಮುಂದೆ ಗುಲಾಬಿ ಅರಳುವ ಬಗೆಯನ್ನು ಗಮನಿಸಬೇಕು: ಮಾತಿಗಿಂತ ಮೊದಲೇ ಓಡುವ ಕಣ್ಣು, ಸಂಕೋಚವಿಲ್ಲದ ಮೈ, ಸಂತೋಷವನ್ನು ಬಚ್ಚಿಡಲಾರದ ಚಡಪಡಿಕೆ. ಈ ಚುರುಕನ್ನು ಅವರ ಹಾಸ್ಯಪಾತ್ರಗಳಲ್ಲಿ ನಾವು ಮೊದಲೇ ಕಂಡಿದ್ದೇವೆ. ಊರು ಕೋಮಿನ ಗೆರೆಯಲ್ಲಿ ಒಡೆದಾಗ ಆಕೆಯ ಒಂಟಿತನ ನಮ್ಮನ್ನು ತಟ್ಟುವುದು ಈ ಉತ್ಸಾಹವನ್ನು ಕಂಡಿದ್ದರಿಂದಲೇ. ಆದ್ದರಿಂದ ಗುಲಾಬಿಯನ್ನು ಹಾಸ್ಯನಟಿಯ ವಿಸ್ತರಣೆಯೆಂದು ಓದುವುದು ಹೆಚ್ಚು ಸರಿ ಎಂಬುದು ನನ್ನ ವಾದ.

ಈ ವಾದಕ್ಕೆ ಮಿತಿಗಳುಂಟು. ಆ ಹಾಸ್ಯಚಿತ್ರಗಳೆಲ್ಲ ಒಂದೇ ತೂಕದವಲ್ಲ. ಹಲವು ಕಡೆ ಹೆಣ್ಣಿನ ಮೈಯೇ ನಗೆಯ ಸರಕಾಗಿತ್ತು, ಅದನ್ನು ಸಮರ್ಥಿಸುವುದು ನನ್ನ ಉದ್ದೇಶವಲ್ಲ. ಕಾಸರವಳ್ಳಿಯವರ ಸಾವಧಾನದ ಲಯ ಆ ಚುರುಕನ್ನು ಪಳಗಿಸಿತು ಎಂಬುದನ್ನೂ ಒಪ್ಪಬೇಕು. ಅವರ ‘ಹಸೀನಾ’ಕ್ಕೆ ತಾರಾ ಕೂಡ ರಾಷ್ಟ್ರಪ್ರಶಸ್ತಿ ಪಡೆದದ್ದು ಆಕಸ್ಮಿಕವೇನಲ್ಲ. ನಾನು ಹೇಳುತ್ತಿರುವುದು ಇಷ್ಟೇ: ಪಳಗಿಸಲು ಮೊದಲು ಅಲ್ಲೊಂದು ಕಸುಬು ಇರಬೇಕಿತ್ತು, ಇತ್ತು.

ಪುಟ್ಟಕ್ಕನ ಪ್ರಶ್ನೆ ಇತ್ಯರ್ಥವಾಗಿಲ್ಲ. ಗಂಡ ಕೈಬಿಟ್ಟ ಮೇಲೆ ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುವ ಈ ತಾಯಿಯಲ್ಲಿ ಹಾಸ್ಯಕ್ಕೆ ಎಡೆ ಕಡಿಮೆ, ಕಣ್ಣೀರಿಗೆ ಹೆಚ್ಚು. ದಿನವೂ ಮುಂದುವರಿಯುವ ಧಾರಾವಾಹಿಯಲ್ಲಿ ಅಭಿನಯದ ಘಟಕ ಯಾವುದು: ದೃಶ್ಯವೋ, ಕಂತೋ, ವರ್ಷಗಟ್ಟಲೆ ಬೆಳೆಯುವ ಪಾತ್ರವೋ? ಇದನ್ನು ಅಳೆಯುವ ಪರಿಕರಗಳನ್ನು ಕನ್ನಡ ವಿಮರ್ಶೆ ಇನ್ನೂ ಕಟ್ಟಿಕೊಳ್ಳಬೇಕಾಗಿದೆ. ಅಲ್ಲಿಯವರೆಗೆ ಮೇಲಿನ ವಾದವನ್ನು ರಂಗ ಮತ್ತು ಸಿನಿಮಾಕ್ಕೆ ಮಾತ್ರ ಅನ್ವಯಿಸುತ್ತೇನೆ.