ವಿವಿಯಲ್ಲಿ ಯಾರ ಕೆಲಸ ಏನು? ಅಂಕಪಟ್ಟಿ ತಪ್ಪಾದ್ರೆ ಯಾರನ್ನು ಕೇಳಬೇಕು?

ಮಗಳ ಅಂಕಪಟ್ಟಿಯಲ್ಲಿ ಹೆಸರು ತಪ್ಪಾಗಿದೆ ಅಂತ ಅಂಗಡಿ ಬಾಗಿಲು ಹಾಕಿ ವಿಶ್ವವಿದ್ಯಾಲಯಕ್ಕೆ ಹೋದವರು, ಟೇಬಲ್‌ನಿಂದ ಟೇಬಲ್‌ಗೆ ಅಲೆದು ಬರಿಗೈಲಿ ವಾಪಸ್ ಬರೋದುಂಟು. ವಿವಿ ಅಂದ್ರೆ ಬರೀ ಮೇಷ್ಟ್ರುಗಳಲ್ಲ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000ರ ಅಡಿ ನಡೆಯುವ ಸರ್ಕಾರಿ ವಿವಿಗಳಲ್ಲಿ ಕೆಲಸ ಹಂಚಿಕೆ ಹೀಗಿದೆ:

* ಕುಲಪತಿ: ವಿವಿಯ ಮುಖ್ಯಸ್ಥರು. ಸಾಮಾನ್ಯವಾಗಿ ಹಿರಿಯ ಪ್ರಾಧ್ಯಾಪಕರು. ಅವಧಿ 4 ವರ್ಷ.
* ಕುಲಸಚಿವರು: ಆಡಳಿತ, ಸಿಬ್ಬಂದಿ, ದಾಖಲೆ. ಕೆಲವೆಡೆ ಪ್ರಾಧ್ಯಾಪಕರು, ಕೆಲವೆಡೆ ಕೆಎಎಸ್ ಅಧಿಕಾರಿಗಳು.
* ಮೌಲ್ಯಮಾಪನ ಕುಲಸಚಿವರು: ಪರೀಕ್ಷೆ, ಫಲಿತಾಂಶ, ಅಂಕಪಟ್ಟಿ, ಮರುಮೌಲ್ಯಮಾಪನ.
* ಹಣಕಾಸು ಅಧಿಕಾರಿ: ಲೆಕ್ಕಪತ್ರ, ಸಂಬಳ. ವಿವಿಗೆ ಸಾಮಾನು ಕೊಟ್ಟ ಅಂಗಡಿಯವರ ಬಿಲ್ಲೂ ಇವರ ವಿಭಾಗಕ್ಕೇ ಬರುತ್ತೆ.
* ಗ್ರಂಥಪಾಲಕರು: ಗ್ರಂಥಾಲಯ ವಿಜ್ಞಾನ ಓದಿದವರು.
* ಅತಿಥಿ ಉಪನ್ಯಾಸಕರು: ಪಾಠ ಕಾಯಂ ಮೇಷ್ಟ್ರ ಹಾಗೇ, ಕೆಲಸ ಮಾತ್ರ ಕಾಯಂ ಅಲ್ಲ. ಪಿಎಚ್‌ಡಿ, ನೆಟ್ ಮುಗಿಸಿದವರೂ ಇವರಲ್ಲಿದ್ದಾರೆ.

ಅಂದ್ರೆ ಅಂಕಪಟ್ಟಿ ತಿದ್ದುಪಡಿಗೆ ಹೋಗಬೇಕಾದ್ದು ಮೌಲ್ಯಮಾಪನ ವಿಭಾಗಕ್ಕೆ. ಅದಕ್ಕೂ ಮೊದಲು ಕಾಲೇಜು ಪ್ರಾಂಶುಪಾಲರನ್ನು ಕೇಳಿ, ಅವರ ಮೂಲಕವೇ ಅರ್ಜಿ ಕಳಿಸಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ನಕಲು ಜೊತೆಗಿರಲಿ. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಪಡೆಯೋದನ್ನು ಮರೆಯಬೇಡಿ.