ಎರಡು ನಾಯಿಗಳು, ಎರಡು ಕಲ್ಲುಗಳು

ಲೋಕದ ಇತಿಹಾಸವೆಂದೊಡನೆ ಸಾಮ್ರಾಟರು, ದಂಡನಾಯಕರು, ಕೋಟೆಕೊತ್ತಲಗಳು ನಮ್ಮ ಕಣ್ಣೆದುರು ನಿಲ್ಲುತ್ತವೆ. ಆದರೆ ಎಲ್ಲ ದೇಶಗಳ ಜನರೂ ಅರಸರನ್ನಷ್ಟೇ ನೆನೆದವರಲ್ಲ. ಜಪಾನಿನ ಟೋಕಿಯೋ ನಗರದ ಶಿಬುಯಾ ರೈಲು ನಿಲ್ದಾಣದೆದುರು ಹಾಚಿಕೋ ಎಂಬ ನಾಯಿಯ ಪ್ರತಿಮೆಯಿದೆ. 1925ರಲ್ಲಿ ಒಡೆಯನು ತೀರಿಕೊಂಡ ಬಳಿಕವೂ ಸುಮಾರು ಹತ್ತು ವರ್ಷ ಅದು ನಿಲ್ದಾಣಕ್ಕೆ ಬಂದು ಅವನಿಗಾಗಿ ಕಾಯುತ್ತಿತ್ತು. 1934ರಲ್ಲಿ ಜನರು ಅದರ ಪ್ರತಿಮೆಯನ್ನು ನಿಲ್ಲಿಸಿದರು. ಈ ಕಥೆಯನ್ನು ನಮ್ಮ ಮಕ್ಕಳು ಬೆರಗಿನಿಂದ ಕೇಳುತ್ತಾರೆ. ಇದಕ್ಕಿಂತ ಎಷ್ಟೋ ಶತಮಾನಗಳ ಹಿಂದೆಯೇ ನಮ್ಮ ಸೀಮೆಯಲ್ಲಿಯೂ ಕನ್ನಡ ನಾಡಿನಲ್ಲಿಯೂ ನಾಯಿಗಳಿಗೆ ಕಲ್ಲು ನಿಲ್ಲಿಸಿದ್ದರೆಂಬುದನ್ನು ಅವರು ಅರಿಯಬೇಕೆಂಬುದು ನಮ್ಮ ಆಶಯ.

ಮೊದಲ ಕಲ್ಲು ಹರೂರಿಗೆ ಈಶಾನ್ಯದಲ್ಲಿರುವ ಚೆಂಗಂ ಸೀಮೆಯ ಎಡುತ್ತನೂರಿನದು. ಪಲ್ಲವ ಮಹೇಂದ್ರವರ್ಮನ 34ನೆಯ ಆಳ್ವಿಕೆಯ ವರ್ಷದಲ್ಲಿ, ಎಂದರೆ ಏಳನೆಯ ಶತಮಾನದ ಮೊದಲ ಭಾಗದಲ್ಲಿ, ಇದನ್ನು ನೆಟ್ಟರು. ಇದರ ಬರಹ ವಟ್ಟೆಳುತ್ತು ಲಿಪಿಯ ತಮಿಳಿನಲ್ಲಿದೆ. ಕರುಂದೇವಕತ್ತಿ ಎಂಬ ಸೇವಕನು ತುರುಗಾಳಗದಲ್ಲಿ ಮಡಿದನೆಂದೂ, ಅವನ ನಾಯಿ ಕೋವಿವನ್ ಇಬ್ಬರು ಕಳ್ಳರನ್ನು ಕಚ್ಚಿ ಒಡೆಯನ ಬಳಿ ಕಾದು ನಿಂತಿತೆಂದೂ ಆ ಬರಹ ತಿಳಿಸುತ್ತದೆ. ವೀರನ ಜೊತೆಗೆ ನಾಯಿಯ ರೂಪವನ್ನೂ ಕಲ್ಲಿನಲ್ಲಿ ಕಡೆದಿದ್ದಾರೆ. ಆಳೊಬ್ಬನಿಗೂ ಅವನ ನಾಯಿಗೂ ಒಂದೇ ಕಲ್ಲಿನಲ್ಲಿ ಸ್ಥಾನ ದೊರೆತಿದೆ.

ಎರಡನೆಯ ಕಲ್ಲು ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನದು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸುಮಾರು 949ರಲ್ಲಿ ಕೆತ್ತಿದ ಇದರ ಬರಹ ಕನ್ನಡದಲ್ಲಿದೆ. ಗಂಗರ ಬೂತುಗನ ಪರವಾಗಿ ಹೋರಾಡಿದ ಮಣಲೆರನೆಂಬ ವೀರನಿಗೆ, ಮೆಚ್ಚಿದುದನ್ನು ಬೇಡೆಂಬ ಅವಕಾಶ ದೊರೆಯಿತು. ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಬೇಟೆಯಲ್ಲಿ ಆ ನಾಯಿ ದೊಡ್ಡ ಹಂದಿಯೊಡನೆ ಕಾದಿತು, ಎರಡೂ ಸತ್ತವು. ಮಣಲೆರನು ಕಾಳಿಗಾಗಿ ಕಲ್ಲು ನೆಡಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟನು. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪ ತಟ್ಟುವುದೆಂದೂ ಶಾಸನದಲ್ಲಿ ಬರೆಸಿದನು. ಹಂದಿಯನ್ನು ಹಿಡಿದ ನಾಯಿಯ ಚಿತ್ರವನ್ನು ಇಂದಿಗೂ ಆ ಕಲ್ಲಿನಲ್ಲಿ ನೋಡಬಹುದು.

ಇದೇ ಕಲ್ಲಿನಲ್ಲಿ ಇನ್ನೊಂದು ಸಂಗತಿಯೂ ದಾಖಲಾಗಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ 949ರಲ್ಲಿ ಅರಕ್ಕೋಣದ ಬಳಿಯ ತಕ್ಕೋಲದಲ್ಲಿ ನಡೆದ ಯುದ್ಧದಲ್ಲಿ, ಕೃಷ್ಣನ ಕಡೆಯ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಆ ಮಹಾಯುದ್ಧದ ವಿವರವನ್ನು ಅರಸುವ ವಿದ್ವಾಂಸರು ನಾಯಿಯೊಂದರ ಸ್ಮಾರಕವನ್ನೇ ಓದಬೇಕಾಗಿದೆ. ಕನ್ನಡದ ಕಲ್ಲು ಬೂತುಗನ ಗೆಲುವನ್ನು ಕೊಂಡಾಡಿದರೆ, ಚೋಳರ ಶಾಸನಗಳು ರಾಜಾದಿತ್ಯನನ್ನು ಆನೆಯ ಮೇಲೆಯೇ ಮಡಿದ ದೊರೆಯೆಂದು ಗೌರವದಿಂದ ನೆನೆಯುತ್ತವೆ. ಒಂದೇ ದಿನದ ಕಾಳಗವು ಎರಡು ಭಾಷೆಗಳಲ್ಲಿ ಎರಡು ಬಗೆಯಾಗಿ ಉಳಿದಿದೆ. ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ತಮಿಳನ್ನೂ ಆಡುವ ನಮ್ಮ ಮಕ್ಕಳು ಇವುಗಳಲ್ಲಿ ಯಾವುದನ್ನು ತಮ್ಮದೆನ್ನಬೇಕು? ಎರಡನ್ನೂ ಎಂಬುದೇ ನಮ್ಮ ಉತ್ತರ.

ಈ ಉತ್ತರಕ್ಕೆ ನಮ್ಮ ನೆಲವೇ ಆಧಾರ. ಇಂದಿನ ಧರ್ಮಪುರಿಯೇ ಹಿಂದಿನ ತಗಡೂರು. ಅಲ್ಲಿಯ ಅದಿಯಮಾನ್ ನೆಡುಮಾನ್ ಅಂಜಿ ಮಡಿದಾಗ, ಅವನಿಗೆ ನೆಟ್ಟ ಕಲ್ಲನ್ನು ಕಂಡು ಅವ್ವೈಯಾರ್ ಶೋಕಿಸಿದ ಹಾಡು ‘ಪುರನಾನೂರು’ ಸಂಕಲನದಲ್ಲಿದೆ. ನಡುಕಲ್ಲನ್ನು ನೆಡುವ ವಿಧಿಯನ್ನು ‘ತೊಲ್ಕಾಪ್ಪಿಯಂ’ ಹಂತಹಂತವಾಗಿ ವಿವರಿಸುತ್ತದೆ. ಅದೇ ತಗಡೂರನ್ನು ಒಂಬತ್ತನೆಯ ಶತಮಾನದಲ್ಲಿ ನೊಳಂಬರು ಆಳಿದರು. ನಿಧಿಯಣ್ಣ, ಚಂದಿಯಣ್ಣ ಎಂಬ ಸೋದರರು ಕಟ್ಟಿಸಿದ ಬಸದಿಗೆ ನೊಳಂಬ ಮಹೇಂದ್ರನು ದತ್ತಿ ಕೊಟ್ಟ 893ರ ಶಾಸನವು ಕನ್ನಡದಲ್ಲಿದೆ. ತಮಿಳರು ನಡುಕಲ್ಲೆಂದುದನ್ನೇ ಕನ್ನಡಿಗರು ವೀರಗಲ್ಲೆಂದರು. ದನಗಳನ್ನು ಕಾಯುತ್ತ ಸತ್ತವನನ್ನು ಮರೆಯಬಾರದೆಂಬ ಭಾವವು ಎರಡು ಭಾಷೆಯವರಲ್ಲಿಯೂ ಒಂದೇ ಆಗಿತ್ತು.

ನಮ್ಮ ಹರೂರು ತಾಲೂಕಿನ ಹಳ್ಳಿಗಳಲ್ಲಿಯೂ ಇಂತಹ ಕಲ್ಲುಗಳಿವೆ. ಕೆಲವು ಧರ್ಮಪುರಿಯ ವಸ್ತುಸಂಗ್ರಹಾಲಯವನ್ನು ಸೇರಿ ಸುರಕ್ಷಿತವಾಗಿವೆ; ಕೆಲವಕ್ಕೆ ಊರವರು ಇಂದಿಗೂ ಪೂಜೆ ಸಲ್ಲಿಸುತ್ತಾರೆ. ಆದರೆ ಹೊಲದ ಬದುವಿನಲ್ಲಿ ಮಲಗಿರುವ ಕಲ್ಲು ಒಗೆಯುವ ಕಲ್ಲಾಗಲು, ಅಡಿಪಾಯಕ್ಕೆ ಸೇರಲು ತಡವಾಗದು. ಬರಹವು ಒಮ್ಮೆ ಸವೆದರೆ ಆ ಸೇವಕನ ಹೆಸರನ್ನು ಹೇಳುವವರು ಬೇರೆ ಯಾರೂ ಇಲ್ಲ. ಅರಸರಿಗಾದರೆ ತಾಮ್ರಪಟಗಳಿವೆ, ದೇವಾಲಯಗಳ ಗೋಡೆಗಳಿವೆ. ಆಳಿಗೆ ಇರುವುದು ಆ ಒಂದೇ ಕಲ್ಲು.

ಆದುದರಿಂದ ಈ ಶತಮಾನೋತ್ಸವದ ವೇಳೆಯಲ್ಲಿ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ಕೋರಿಕೆ. ನಿಮ್ಮೂರಿನ ಕೆರೆಯ ಏರಿಯಲ್ಲಾಗಲಿ ಹೊಲದಲ್ಲಾಗಲಿ ಆಯುಧ ಹಿಡಿದ ವೀರನ ಕಲ್ಲು ಕಂಡರೆ ಅದನ್ನು ಕದಲಿಸಬೇಡಿ, ಅದಕ್ಕೆ ಬಣ್ಣ ಬಳಿಯಬೇಡಿ. ಅದರ ಚಿತ್ರ ತೆಗೆದು, ಇರುವ ಜಾಗವನ್ನು ಬರೆದುಕೊಂಡು ಅಧ್ಯಾಪಕರಿಗೂ ಗ್ರಾಮ ಆಡಳಿತಾಧಿಕಾರಿಗಳಿಗೂ ತಿಳಿಸಿರಿ. ಹಿರಿಯರು ಆ ಕಲ್ಲನ್ನು ಯಾವ ಹೆಸರಿನಿಂದ ಕರೆಯುತ್ತಾರೆಂದು ಕೇಳಿ ಅದನ್ನೂ ಬರೆದಿಡಿರಿ. ಎರಡು ಭಾಷೆಗಳನ್ನು ಬಲ್ಲ ನಿಮಗಿಂತ ಈ ಕೆಲಸಕ್ಕೆ ತಕ್ಕವರು ಬೇರೆ ಯಾರಿದ್ದಾರೆ?