ಪಾಸ್ಖ ಹಬ್ಬದ ತುಂಬು ಪಿಜ್ಜಾ



ಪಿಜ್ಜಾ ಎಂದೊಡನೆ ನಮ್ಮ ಮಕ್ಕಳಿಗೆ ನೆನಪಾಗುವುದು ಡಬ್ಬದಲ್ಲಿ ಮನೆ ಬಾಗಿಲಿಗೆ ಬರುವ ರೊಟ್ಟಿ. ಇಟಲಿಯ ನೇಪಲ್ಸ್ ಸೀಮೆಯ ಅಜ್ಜಿಯರು ಪಾಸ್ಖ ಹಬ್ಬಕ್ಕೆ ಮಾಡುವ ಪಿಜ್ಜಾ ಬೇರೆಯೇ. ಅದರ ಹೆಸರು 'ಪಿಜ್ಜಾ ಕಿಯೇನಾ', ಅಂದರೆ ತುಂಬಿದ ಪಿಜ್ಜಾ. ನಾವು ಕಡುಬಿಗೆ ಹೂರಣ ತುಂಬುವ ಹಾಗೆ ಅವರು ಮಾಂಸ, ಮೊಟ್ಟೆ, ಚೀಸು ತುಂಬುತ್ತಾರೆ.

ಹಿಟ್ಟಿಗೆ ಹಂದಿಕೊಬ್ಬು ಸೇರಿಸಿ ನಾದಿ, ಲಟ್ಟಿಸಿ, ಆಳವಾದ ತಟ್ಟೆಗೆ ಹಾಸುತ್ತಾರೆ. ರಿಕೊಟ್ಟಾ ಎಂಬ ಮೆದು ಚೀಸಿನ ನೀರು ಬಸಿಯುತ್ತಾರೆ. ನೋಡಲು ನಮ್ಮ ಗಿಣ್ಣಿನಂತೆಯೇ ತರಿತರಿ. ಅದಕ್ಕೆ ಕಲಕಿದ ಮೊಟ್ಟೆ, ಮೊಜರೆಲ್ಲಾ ತುಂಡು, ತುರಿದ ಗಟ್ಟಿ ಚೀಸು, ಉಪ್ಪು ಹಚ್ಚಿ ಒಣಗಿಸಿದ ಹಂದಿ ಮಾಂಸ, ಕಾಳುಮೆಣಸು. ಮೇಲೆ ಇನ್ನೊಂದು ಹಾಳೆ ಮುಚ್ಚಿ, ಅಂಚು ಒತ್ತಿ, ಹದವಾದ ಶಾಖದಲ್ಲಿ ಗಂಟೆಯಷ್ಟು ಹೊತ್ತು ಬೇಯಿಸುತ್ತಾರೆ. ಬಿಸಿಯಿದ್ದಾಗಲೇ ಕೊಯ್ದರೆ ಹೂರಣ ಸಡಿಲವಾಗಿ ಚದುರುತ್ತದೆ. ಆದ್ದರಿಂದ ಶುಭ ಶುಕ್ರವಾರವೇ ಮಾಡಿಟ್ಟು ಕಾಯುತ್ತಾರೆ. ಮನೆಯೆಲ್ಲ ಘಮಘಮ, ಆದರೆ ಯಾರೂ ಮುಟ್ಟುವಂತಿಲ್ಲ! ಮಕ್ಕಳ ಪಾಡು ನಾವು ಊಹಿಸಬಲ್ಲೆವು.

ಇಷ್ಟೊಂದು ಮೊಟ್ಟೆ, ಚೀಸು ಒಂದೇ ತಟ್ಟೆಗೆ ಏಕೆ? ಮಧ್ಯಯುಗದ ಧರ್ಮಸಭೆಯಲ್ಲಿ ತಪಸ್ಸುಕಾಲದ ಉಪವಾಸವೆಂದರೆ ಮಾಂಸವನ್ನಷ್ಟೇ ಬಿಡುವುದಲ್ಲ. ಮೊಟ್ಟೆ, ಹಾಲು, ಬೆಣ್ಣೆ, ಚೀಸು ಸಹ ನಿಷಿದ್ಧ. 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಈ ನಿಯಮಕ್ಕೆ ಕಾರಣಗಳನ್ನು ಚರ್ಚಿಸಿದ್ದಾರೆ. ಆದರೆ ತಪಸ್ಸುಕಾಲವೆಂದು ಕೋಳಿ ಮೊಟ್ಟೆಯಿಡುವುದನ್ನು ಬಿಡುತ್ತದೆಯೇ? ಹಸು ಹಾಲು ನಿಲ್ಲಿಸುತ್ತದೆಯೇ? ಮೊಟ್ಟೆ ಬುಟ್ಟಿಯಲ್ಲಿ ಕೂಡಿತು, ಹಾಲು ಚೀಸಾಯಿತು, ಚಳಿಗಾಲದಲ್ಲಿ ಕೊಯ್ದ ಹಂದಿಯ ಮಾಂಸ ಮಾಡಿನಲ್ಲಿ ತೂಗುತ್ತಿತ್ತು. ಹಬ್ಬಕ್ಕೆ ಎಲ್ಲವೂ ಒಟ್ಟಿಗೆ ಬಂದವು. ಹಬ್ಬದ ಆಹಾರವನ್ನು ಆಶೀರ್ವದಿಸುವ ಪದ್ಧತಿಯೂ ಹಳೆಯದೇ; ಸಂತ ಹಿಪೊಲಿಟಸರದೆನ್ನಲಾಗುವ ಪುರಾತನ ಪೂಜಾವಿಧಿ ಗ್ರಂಥದಲ್ಲಿ ಚೀಸನ್ನೂ ಆಲಿವ್ ಕಾಯಿಗಳನ್ನೂ ಅರ್ಪಿಸುವವರಿಗೆ ಪ್ರಾರ್ಥನೆಯಿದೆ.

ಹಿಂದೆ ಇದನ್ನು ಕೊಯ್ಯಲು ಪವಿತ್ರ ಶನಿವಾರದ ನಡುಹಗಲಿನವರೆಗೆ ಕಾದರೆ ಸಾಕಿತ್ತು. ಇಂದಿನವರಿಗೆ ಇದು ವಿಚಿತ್ರ. ಆಗ ಪಾಸ್ಖ ಜಾಗರಣೆ ಶನಿವಾರ ಬೆಳಗ್ಗೆಯೇ ನಡೆಯುತ್ತಿತ್ತು. 1917ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ತಪಸ್ಸುಕಾಲದ ಉಪವಾಸ ಆ ನಡುಹಗಲಿಗೆ ಮುಗಿಯುತ್ತಿತ್ತು. 1955ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸರು ಪವಿತ್ರ ವಾರದ ವಿಧಿಗಳನ್ನು ಸುಧಾರಿಸಿ ಜಾಗರಣೆಯನ್ನು ರಾತ್ರಿಗೆ ತಂದರು. 1966ರಲ್ಲಿ ಆರನೇ ಪೌಲರು ಉಪವಾಸದ ಕಡ್ಡಾಯವನ್ನು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರಗಳಿಗೆ ಇಳಿಸಿದರು.

ನಮ್ಮ ನಾಡಿಗೂ ಈ ಚೀಸುಗಳು ಮಠದ ದಾರಿಯಿಂದ ಬಂದದ್ದುಂಟು. 1073ರಲ್ಲಿ ನಿಧನರಾದ ಸಂತ ಜಾನ್ ಗ್ವಾಲ್ಬರ್ಟರು ಇಟಲಿಯ ಟಸ್ಕನಿಯಲ್ಲಿ ಸ್ಥಾಪಿಸಿದ ವಲ್ಲೊಂಬ್ರೋಸಾ ಸಭೆಯ ಬೆನೆಡಿಕ್ಟಿನ್ ಸನ್ಯಾಸಿಗಳು ಬೆಂಗಳೂರಿನಲ್ಲಿದ್ದಾರೆ. ಅವರಲ್ಲಿ ಫಾದರ್ ಕೆ.ಎಲ್. ಮೈಕೆಲರು ಇಟಲಿಯಲ್ಲಿ ಚೀಸಿನ ಕೆಲಸ ಕಲಿತು ಬಂದು ಇಲ್ಲಿಯ ಹಾಲಿನಿಂದಲೇ ಮೊಜರೆಲ್ಲಾ ಮುಂತಾದವನ್ನು ತಯಾರಿಸಿದರು.

ಇದನ್ನೆಲ್ಲ ತಪಸ್ಸುಕಾಲದ ಪ್ರಬೋಧನೆಯಲ್ಲಿ ಹೇಳಿದಾಗ ಶಿಡ್ಲಘಟ್ಟದ ಕಡೆಯ ಒಬ್ಬ ತಾಯಿ ಹೊರಗೆ ನಿಂತು ಕೇಳಿದರು: "ಫಾದರ್, ಅವರು ಬಿಟ್ಟದ್ದು ಬುಟ್ಟಿಯಲ್ಲಿ ಕಾಣ್ತಿತ್ತು. ನಾವು ನಲವತ್ತು ದಿನ ಮಾಂಸ ಬಿಟ್ಟೆವಲ್ಲ, ಆ ದುಡ್ಡು ಎಲ್ಲಿ ಹೋಯ್ತು?" ನಾವು ತಕ್ಷಣ ಉತ್ತರಿಸಲಾರದೆ ಹೋದೆವು. ಉಪವಾಸದಲ್ಲಿ ಉಳಿದದ್ದು ಬಡವರ ಪಾಲೆಂದು 5ನೇ ಶತಮಾನದಲ್ಲೇ ಸಂತ ಲಿಯೋ ಮಹಾಶಯರು ಬೋಧಿಸಿದ್ದು ನಮಗೆ ನೆನಪಾದದ್ದು ರಾತ್ರಿ ಮಲಗಿದ ಮೇಲೆ! ಮರುವಾರ ಆ ತಾಯಿಯೇ ಗುಡಿಯ ಬಾಗಿಲಲ್ಲಿ ಒಂದು ಖಾಲಿ ಡಬ್ಬ ಇಟ್ಟರು.

ಈ ಸಲ ತುಂಬು ಪಿಜ್ಜಾವನ್ನು ನಮ್ಮ ರೀತಿಯಲ್ಲಿ ಮಾಡೋಣವೆಂದಿದ್ದೇವೆ: ಹಂದಿ ಬದಲು ಕುರಿ ಕೀಮಾ, ರಿಕೊಟ್ಟಾ ಬದಲು ಡೇರಿಗೆ ಹಾಕುವ ಮುನ್ನ ಉಳಿಸಿಕೊಂಡ ಹಾಲಿನ ಪನೀರು. ಓವನ್ ಯಾರ ಮನೆಯಲ್ಲೂ ಇಲ್ಲ. ಬೇಕರಿಯವರು ಮುಸ್ಲಿಂ ಬಾಂಧವರು. ಶುಕ್ರವಾರ ರಾತ್ರಿ ಭಟ್ಟಿ ಬಿಟ್ಟುಕೊಡುತ್ತೇವೆ, ನಮಗೂ ಎರಡು ತುಂಡು ಎತ್ತಿಡಿ ಎಂದಿದ್ದಾರೆ.